ನಾನು ಟೀವಿಗೆ ಕರೆದೊಯ್ದ ಸಿಸ್ಟರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರನ್ನು ದಪ್ಪ ಅಕ್ಷರದಲ್ಲಿ ಟೀವಿ ಪರದೆಯ ಕೆಳಗೆ ಓಡಿಸಿದವನು ನಾನು. ಅಷ್ಟು ಸಾಕು. ಗುಬ್ಬಿಯಲ್ಲಿ ನಮ್ಮ ಮಾವನ ಮನೆಯ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ಅವರು ಸಿಸ್ಟರ್. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ನರ್ಸಾಗಿ ಸುತ್ತಮುತ್ತಲ ಊರುಗಳಲ್ಲಿ ಹೆರಿಗೆ ಮಾಡಿಸಿದವರು. ಮದುವೆ ಆಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, "ಬಿಡುವಾಗ್ಲಿಲ್ಲ ಕಣ್ರಿ" ಅನ್ನುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಪತ್ರಿಕೆಯಲ್ಲಿ ಎರಡು ಸಾಲೂ ಬರಲಿಲ್ಲ. ಅವರ ವಿಷಯ ಬರಬಾರದ ಕಡೆ ಬಂದು ಆಗಿತ್ತಲ್ಲ, ಇನ್ನೇನು.

ನಾನು ಅವರನ್ನು ಮೊದಲು ಹತ್ತಿರದಿಂದ ನೋಡಿದ್ದು ತೊಂಬತ್ತರ ದಶಕದ ನಡುವೆ, ನನ್ನ ಮಗಳು ಹುಟ್ಟಿದ ದಿನ. ಆಗ ನಾನು ತುಮಕೂರಿನಲ್ಲಿ ಮದುವೆ ವೀಡಿಯೋ ತೆಗೆಯುತ್ತಿದ್ದೆ. ಸಂಜೆ ಹೊತ್ತು ಕೇಬಲ್ ಆಪರೇಟರೊಬ್ಬರ ಕೋಣೆಯಲ್ಲಿ ಕೂತು ಲೋಕಲ್ ಸುದ್ದಿ ಓದುತ್ತಿದ್ದೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಕುಣಿಗಲ್ಲಿನಿಂದ ನಮ್ಮಮ್ಮ ಬಂದರು. ಹೆಣ್ಣು ಮಗು ಅಂದ ತಕ್ಷಣ ಅಮ್ಮನ ಮುಖ ಇಳಿದುಹೋಯಿತು. ಸಿಸ್ಟರ್ ಅದನ್ನು ನೋಡಿದರು. ಮಗುವನ್ನು ನೇರ ತಂದು ಅಮ್ಮನ ಕೈಯಲ್ಲಿಟ್ಟು, "ಅಜ್ಜೀ, ಮೊದ್ಲು ಎತ್ಕೊಳಿ. ಮುಖ ಆಮೇಲೆ ಸೊಟ್ಟ ಮಾಡ್ಕೊಳೋರಂತೆ" ಅಂದರು. ಅಮ್ಮ ಬೈಸಿಕೊಂಡೇ ನಕ್ಕರು. ಆಮೇಲೆ ಮುಖ ಸೊಟ್ಟ ಮಾಡಿಕೊಳ್ಳುವುದು ಮರೆತೇಹೋಯಿತು.

ಆವತ್ತಿನಿಂದ ನಾನು ಅವರಿಗೆ 'ಅಳಿಯಂದ್ರು'. ಬೀದಿಗೆಲ್ಲ ನಾನು ಅಳಿಯನೇ ಆದರೂ, ಅವರು ಕರೆದಾಗ ಮಾತ್ರ ಅದು ಒಂದು ಹುದ್ದೆಯ ಹಾಗೆ ಕೇಳಿಸುತ್ತಿತ್ತು. "ಅಳಿಯಂದ್ರೇ, ಯಾವಾಗ ಬಂದ್ರಿ? ಮಗೀಗೆ ಚುಚ್ಚುಮದ್ದು ಹಾಕ್ಸಿದ್ರಾ?" ಕೊಡೆ ಬಗಲಲ್ಲಿ ಇರಿಸಿಕೊಂಡು, ಬಾಯಲ್ಲಿ ಒಂದು ಲವಂಗ ಹಾಕಿಕೊಂಡು ನಿಂತಲ್ಲೇ ಮಾತಾಡುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯುತ್ತಿದ್ದರು, ಬರೀ ಕಾಫಿ ಕುಡಿಯಲು ಹೋಗಿದ್ದರೂ. ರಿಟೈರ್ ಆದ ಮೇಲೂ ಅದು ಹೋಗಲಿಲ್ಲ.

ಅವರ ಮನೆಯ ಹಿತ್ತಿಲು ನಮ್ಮ ಮಾವನ ಮನೆಯ ತಾರಸಿಗೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತು ಯಾರಾದರೂ ಹೆಂಗಸು ಸೆರಗು ಹೊದ್ದು ಹಿಂದಿನ ಬಾಗಿಲಿಂದ ಬರುತ್ತಿದ್ದಳು. ಸಿಸ್ಟರ್ ಅವಳನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ನಲ್ಲಿ ಕೆಳಗೆ ಖಾಲಿ ಬಕೆಟ್ ಇಟ್ಟು ನೀರು ಬಿಡುತ್ತಿದ್ದರು. ಆ ಸದ್ದಿನಲ್ಲಿ ಏನು ಮಾತಾಡಿದರೂ ಪಕ್ಕದ ಮನೆಗೆ ಕೇಳುತ್ತಿರಲಿಲ್ಲ. ಬಕೆಟ್ ತುಂಬಿದರೆ ಚೆಲ್ಲಿ ಮತ್ತೆ ಇಡುತ್ತಿದ್ದರು. ಒಂದು ಸಲ ನಮ್ಮತ್ತೆ ತಡೆಯಲಾರದೆ ಕೇಳಿಯೇಬಿಟ್ಟರು, "ಸಿಸ್ಟರ್, ಆ ಮೂಲೆ ಮನೆ ಸೊಸೆ ಯಾಕ್ ಬಂದಿದ್ಲು?"

"ಹಲ್ನೋವು."

ಮುಂದಿನ ವಾರ ಇನ್ನೊಬ್ಬಳ ವಿಷಯ ಕೇಳಿದರು. ಅವಳಿಗೂ ಹಲ್ಲುನೋವು. ಆ ಬೀದಿಯ ಹೆಂಗಸರಿಗೆ ವರ್ಷವಿಡೀ ಹಲ್ಲುನೋವು ಬಿಟ್ಟು ಬೇರೆ ಕಾಯಿಲೆಯೇ ಬರಲಿಲ್ಲ. ಮನೆಯಲ್ಲಿ ನಾವು ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಬೆಂಗಳೂರಿನ ಒಂದು ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ಮಧ್ಯಾಹ್ನದ ಹೊತ್ತಿನಲ್ಲಿ ನಾವು ಮಾಡುತ್ತಿದ್ದದ್ದು ಅಡುಗೆ, ರಂಗೋಲಿ, ಡಾಕ್ಟರ ಜೊತೆ ಫೋನ್ ಮಾತುಕತೆ. ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ಒಬ್ಬ ಹೆಂಗಸು ಮಂಡಿನೋವಿನ ಮಾತು ಬಿಟ್ಟು, ಗಂಡ ಹೊಡೆಯುತ್ತಾನೆ ಅಂತ ಅತ್ತಳು. ಆ ವಾರ ಟಿಆರ್‌ಪಿ ಏರಿತು. ಮುಂದಿನ ತಿಂಗಳು ಡಾಕ್ಟರ ಕುರ್ಚಿ ತೆಗೆದು ಅಲ್ಲಿ ಸೋಫಾ ಹಾಕಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ನಡುವೆ ನಿರೂಪಕಿ. ಹಿಂದೆ ನಟಿಯಾಗಿದ್ದವರು, ಬೇಕೆಂದಾಗ ಕಣ್ಣಲ್ಲಿ ನೀರು ತರಬಲ್ಲವರು. ಮಧ್ಯಾಹ್ನ ಎರಡು ಗಂಟೆ, ಊಟವಾಗಿ ಹೆಂಗಸರು ಕಾಲು ಚಾಚುವ ಹೊತ್ತು. ಕರ್ನಾಟಕದ ಮನೆಮನೆಯೊಳಗೆ ಬೇರೆಯವರ ಮನೆಯ ಜಗಳ ಬಂದು ಕೂತಿತು.

ನನ್ನ ಕೆಲಸಕ್ಕೆ ಕೋ-ಆರ್ಡಿನೇಟರ್ ಅಂತ ಹೆಸರು. ತುಮಕೂರು ಜಿಲ್ಲೆ ನನ್ನದು. ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗೆ ಅಳುತ್ತಾ ಕೂತವರ ಪಕ್ಕ ಹೋಗಿ ಕೂರುವುದು, ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸುವುದು, "ನಮ್ಮ ಮೇಡಂ ನ್ಯಾಯ ಕೊಡಿಸ್ತಾರೆ" ಅನ್ನುವುದು. ಕರೆತಂದ ಮೇಲೆ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಅವನು ನಿನ್ನ ಬಗ್ಗೆ ಹೀಗಂದ, ಅವಳು ನಿನ್ನ ಬಗ್ಗೆ ಹಾಗಂದಳು ಅಂತ ಕಾಯಿಸಿ ಒಳಕ್ಕೆ ಬಿಡುವುದು. ಮೊದಲ ಏಟು ಬೀಳುವವರೆಗೆ ಯಾರೂ ಬಿಡಿಸಬಾರದು ಅಂತ ಕಾವಲಿನವರಿಗೆ ಹೇಳಿಟ್ಟಿರುತ್ತಿದ್ದೆವು. ಈ ಕೆಲಸದಲ್ಲಿ ನಾನು ಜಾಣನಾಗಿದ್ದೆ. ಗುಬ್ಬಿಗೆ ಹೋದರೆ ನೆಂಟರು ಸುತ್ತ ಸೇರುತ್ತಿದ್ದರು. ಮೇಡಂ ಉಟ್ಟ ಸೀರೆ ಅವರದ್ದೇನಾ, ಆ ಮಂಡ್ಯದ ಗಂಡ ನಿಜವಾಗ್ಲೂ ಕಾಲಿಗೆ ಬಿದ್ನಾ ಅಂತ ಕೇಳುತ್ತಿದ್ದರು. ನನಗೆ ಹೆಮ್ಮೆ.

ಸಿಸ್ಟರ್ ಮನೆಯಲ್ಲಿ ಟೀವಿ ಇರಲಿಲ್ಲ. ಒಂದು ಮಧ್ಯಾಹ್ನ ನಮ್ಮತ್ತೆ ಅವರನ್ನೂ ಕೂರಿಸಿಕೊಂಡರು. ಪರದೆಯಲ್ಲಿ ಹದಿನೆಂಟು ತುಂಬಿದ್ದೋ ಇಲ್ಲವೋ ಅನ್ನುವಂಥ ಒಂದು ಹುಡುಗಿ, ಭಾವ ತನಗೆ ಏನು ಮಾಡಿದ ಅಂತ ಹೇಳುತ್ತಿದ್ದಳು. ನಿರೂಪಕಿ "ಇನ್ನೂ ಬಿಡಿಸಿ ಹೇಳಮ್ಮ" ಅನ್ನುತ್ತಿದ್ದರು. ಸಿಸ್ಟರ್ ಐದು ನಿಮಿಷ ನೋಡಿರಬೇಕು. ಎದ್ದು ನಿಂತರು.

"ಅಳಿಯಂದ್ರೇ, ಈ ಹುಡುಗಿ ನಾಳೆ ಬೀದಿ ನಲ್ಲೀಲಿ ನೀರು ಹಿಡಿಯಕ್ಕೆ ಹೆಂಗೆ ಹೋಗ್ತಾಳೆ?"

"ಸಿಸ್ಟರ್, ಇದ್ರಿಂದ ಎಷ್ಟೋ ಜನಕ್ಕೆ ಧೈರ್ಯ ಬರುತ್ತೆ" ಅಂದೆ. ಮೀಟಿಂಗಿನಲ್ಲಿ ನಮಗೆ ಕಲಿಸಿದ್ದ ಮಾತು ಅದು.

"ಧೈರ್ಯ ಬೇರೆಯವ್ರಿಗೆ ಬಂತು ಸರಿ. ನೀರು?" ಅಂದು ಹೊರಟುಹೋದರು.

ಇದಾಗಿ ಒಂದು ವರ್ಷಕ್ಕೆ ಕಾರ್ಯಕ್ರಮಕ್ಕೆ ಒಂದು ಕಾಗದ ಬಂತು. ಬರೆದವಳು ಇಪ್ಪತ್ತೆರಡು ವರ್ಷದ ಹುಡುಗಿ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ತುಮಕೂರಿನಲ್ಲಿ ಬಾಡಿಗೆ ಕೋಣೆ. ಸಾಕಿದ ತಾಯಿ ಮೊದಲೇ ಹೋಗಿದ್ದಳು. ಸಾಕಿದ ತಂದೆ ಸಾಯುವ ಮುಂಚೆ, 'ನೀನು ನಮ್ಮ ಹೊಟ್ಟೇಲಿ ಹುಟ್ಟಿದೋಳಲ್ಲ, ಒಬ್ಬ ನರ್ಸಮ್ಮ ಹಸುಗೂಸನ್ನ ತಂದು ನಮ್ಮ ಕೈಗೆ ಕೊಟ್ರು' ಅಂತ ಹೇಳಿ, ನರ್ಸಿನ ಹೆಸರನ್ನೂ ಹೇಳಿದ್ದ. 'ನನ್ನ ಹೆತ್ತ ತಾಯಿಯನ್ನು ಒಂದೇ ಒಂದು ಸಲ ನೋಡಬೇಕು' ಅಂತ ಕಾಗದ ಮುಗಿದಿತ್ತು.

ಆ ಹೆಸರು ನನಗೆ ಗೊತ್ತಿತ್ತು. ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಗುಬ್ಬಿಗೆ ಹೋಗಿ ಸಿಸ್ಟರ್ ಕೈಗೆ ಕೊಡಬಹುದಿತ್ತು. ಹರಿದು ಹಾಕಬಹುದಿತ್ತು. ನಾನು ಪ್ರೊಡ್ಯೂಸರ್ ಹತ್ತಿರ ಓಡಿದೆ.

"ನರ್ಸ್ ನಿಮ್ಗೆ ಗೊತ್ತಾ? ಸೂಪರ್" ಅಂದರು ಅವರು. "ಕರ್ಕೊಂಬನ್ನಿ. ವಿಷ್ಯ ಮಾತ್ರ ಹೇಳ್ಬೇಡಿ. ಮೊದ್ಲೇ ಹೇಳ್ಬಿಟ್ರೆ ಮುಖದಲ್ಲಿ ಏನೂ ಸಿಗಲ್ಲ."

ಸಿಸ್ಟರಿಗೆ ನಾನು ಹೇಳಿದ್ದು, ತಾಯಿ-ಮಗುವಿನ ಆರೋಗ್ಯದ ಬಗ್ಗೆ ಒಂದು ವಿಶೇಷ ಕಾರ್ಯಕ್ರಮ ಅಂತ. ಮೊದಲು ಬೇಡವೆಂದರು. ನಾನು ಬಿಡಲಿಲ್ಲ. "ಇಷ್ಟು ವರ್ಷದ ಅನುಭವ ನಾಲ್ಕು ಜನಕ್ಕೆ ಗೊತ್ತಾಗ್ಲಿ ಸಿಸ್ಟರ್, ನನ್ನ ಮಾತಿಗೆ ಬನ್ನಿ" ಅಂದೆ. ಅವರು ನನ್ನ ಮಾತಿಗೆ ಬಂದರು.

ಹೊರಡುವ ದಿನ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳೀ ಸೀರೆ ಉಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್. ಕಾರು ತುಮಕೂರು ದಾಟಿದ ಮೇಲೆ ಕನ್ನಡಕ ಹಾಕಿಕೊಂಡು ಓದತೊಡಗಿದರು. "ನೋಡಿ ಅಳಿಯಂದ್ರೇ, ಹೆತ್ತ ತಕ್ಷಣ ಬರೋ ಗಿಣ್ಣು ಹಾಲು ಚೆಲ್ಲಬಾರದು, ಅದನ್ನ ಮೊದ್ಲು ಹೇಳ್ತೀನಿ. ಆಮೇಲೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ರೆ ನಮ್ ಹೆಂಗಸ್ರು ಸೂರಿಗೆ ಸಿಕ್ಕಿಸಿ ಇಡ್ತಾರೆ, ಅದನ್ನೂ ಹೇಳ್ಲಾ? ನಗಾಡ್ತಾರೇನೋ?"

"ಹೇಳಿ ಸಿಸ್ಟರ್, ಚೆನ್ನಾಗಿರುತ್ತೆ" ಅಂದೆ.

ನೆಲಮಂಗಲದಲ್ಲಿ ಕಾಫಿಗೆ ನಿಲ್ಲಿಸಿದೆವು. ಅಲ್ಲಿ ಹೇಳಿಬಿಡೋಣ ಅನ್ನಿಸಿತು. ಎರಡು ಸಲ ಬಾಯಿ ತೆರೆದೆ. ಒಂದು ಸಲ "ಸಕ್ಕರೆ ಸಾಕಾ?" ಅಂತ ಕೇಳಿದೆ, ಇನ್ನೊಂದು ಸಲ "ಹೊರಡೋಣ್ವಾ?" ಅಂದೆ.

ಸ್ಟುಡಿಯೋದಲ್ಲಿ ನಿರೂಪಕಿ ಮೂರು ನಿಮಿಷ ಆರೋಗ್ಯದ ಮಾತಾಡಿದರು. ಗಿಣ್ಣು ಹಾಲಿನ ಮಾತು ಮುಗಿಯುವುದರೊಳಗೆ ದನಿ ಬದಲಾಯಿಸಿದರು. "ಸಿಸ್ಟರ್, ನೀವು ಎಷ್ಟೋ ಮಕ್ಕಳನ್ನ ತಾಯಿ ಮಡಿಲಿಗೆ ಹಾಕಿದೀರಿ. ಆದ್ರೆ ಒಂದು ಮಗುನ ತಾಯಿ ಮಡಿಲಿಂದ ಕಿತ್ಕೊಂಡಿದ್ದು ನೆನಪಿದೆಯಾ?" ಸಂಗೀತ ಬಂತು, ಬಾಗಿಲು ತೆರೆಯಿತು. ಹುಡುಗಿ ಒಳಗೆ ಬಂದಳು. ಸೋಫಾದ ಅಂಚು ಹಿಡಿದು ನಿಂತಳು.

ಸಿಸ್ಟರ್ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಅವರಿಗೆ ಎಲ್ಲವೂ ಆ ಕ್ಷಣದಲ್ಲೇ ಅರ್ಥವಾಗಿರಬೇಕು. ಆದರೆ ಮೊದಲು ಆಡಿದ ಮಾತು ಇಷ್ಟೇ. "ಕೂತ್ಕೋ ಮಗಾ. ನಿಂತ್ಕೋಬೇಡ, ಬಿದ್ದೀಯ."

"ನಮ್ಮಮ್ಮ ಯಾರು ಹೇಳಿ" ಅಂದಳು ಹುಡುಗಿ.

"ಇಲ್ಲಿ ಹೇಳಲ್ಲ ಕಣವ್ವ."

"ಯಾಕೆ ಹೇಳಲ್ಲ?" ನಿರೂಪಕಿ ಎದ್ದು ನಿಂತರು. "ಕೋಟಿ ಜನ ನೋಡ್ತಾ ಇದಾರೆ. ಈ ಮಗೂಗೆ ಉತ್ತರ ಕೊಡಿ."

"ಕೋಟಿ ಜನ ನೋಡ್ತಾ ಇದಾರಲ್ಲ, ಅದಕ್ಕೇ ಹೇಳಲ್ಲ. ಆ ತಾಯಿಗೆ ನಾನು ಮಾತು ಕೊಟ್ಟಿದೀನಿ."

"ಮಾತು ಕೊಟ್ರೋ, ಮಗು ಮಾರಿದ್ರೋ? ಎಷ್ಟಕ್ಕೆ ಮಾರಿದ್ರಿ ಸಿಸ್ಟರ್?"

ಪ್ರೇಕ್ಷಕರ ಸಾಲಿನಲ್ಲಿ ಕೂಗು ಎದ್ದಿತು. ಊಟ ಕೊಡಿಸಿ ವ್ಯಾನಿನಲ್ಲಿ ತಂದು ಕೂರಿಸಿದ ಹೆಂಗಸರು ಅವರು. ಯಾವಾಗ ಕೂಗಬೇಕು ಅಂತ ಕೈ ಸನ್ನೆ ಮಾಡುತ್ತಿದ್ದದ್ದು ನಮ್ಮವರೇ. "ಹೆಸ್ರು ಹೇಳಿ, ಹೆಸ್ರು ಹೇಳಿ." ಸಿಸ್ಟರ್ ಮಡಿಲಲ್ಲಿದ್ದ ನೋಟ್‌ಬುಕ್ ಮುಚ್ಚಿದರು. ಲೈಟಿನ ಬೆಳಕಿಗೆ ಕೈ ಅಡ್ಡ ಹಿಡಿದು ಕ್ಯಾಮೆರಾಗಳ ಹಿಂದಿನ ಕತ್ತಲಲ್ಲಿ ಯಾರನ್ನೋ ಹುಡುಕಿದರು.

"ಅಳಿಯಂದ್ರೇ... ಎಲ್ಲಿದೀರಿ? ನಾನೆಂಥೋಳು ಅಂತ ಇವ್ರಿಗೆ ನೀವಾದ್ರೂ ಹೇಳಿ."

ನಾನು ಹತ್ತು ಅಡಿ ದೂರದಲ್ಲಿದ್ದೆ. ಮಾನಿಟರ್ ಇಟ್ಟಿದ್ದ ಮೇಜಿನ ಹಿಂದಕ್ಕೆ ಸರಿದುಕೊಂಡೆ. ಮಾನಿಟರಿನಲ್ಲಿ ಅವರ ಮುಖ ತುಂಬಿಕೊಂಡಿತ್ತು, ಕಣ್ಣು ಇನ್ನೂ ಹುಡುಕುತ್ತಿತ್ತು. ಹುಡುಕಿ ಹುಡುಕಿ ಆಮೇಲೆ ಬಿಟ್ಟರು. ಅದರ ನಂತರ ಅವರು ಬಾಯಿ ತೆರೆಯಲೇ ಇಲ್ಲ. ಹದಿನೈದು ನಿಮಿಷ ನಿರೂಪಕಿ ಕೇಳಿದರು, ಹುಡುಗಿ 'ನನ್ನ ಮಾರ್ಕೊಂಡೋರು ನೀವು' ಅಂತ ಅತ್ತಳು, ಜನ ಕೂಗಿದರು. ಅವರು ಕೈ ಕಟ್ಟಿಕೊಂಡು ಕೂತಿದ್ದರು.

ಮುಗಿದ ಮೇಲೆ ಕಾರು ಸಿದ್ಧವಿದೆ ಅಂತ ಹೋಗಿ ಹೇಳಿದೆ. ನನ್ನ ಮುಖ ನೋಡದೆ, "ಬಸ್ ಎಲ್ಲಿ ಸಿಗುತ್ತೆ ಅಂತ ನಂಗೊತ್ತು" ಅಂದರು. ಆ ಇಸ್ತ್ರಿ ಸೀರೆಯಲ್ಲೇ ಆಟೋ ಹತ್ತಿ ಮೆಜೆಸ್ಟಿಕ್ಕಿಗೆ ಹೋದರು.

ಎಡಿಟಿಂಗಿನಲ್ಲಿ ನನ್ನನ್ನು ಕರೆದ ಮಾತನ್ನು ಕತ್ತರಿಸಿದರು. ಎರಡು ದಿನ ಎರಡು ಭಾಗವಾಗಿ ಬಂತು. ಅದಕ್ಕೆ ಮುಂಚೆ ಒಂದು ವಾರ 'ಕರುಳು ಮಾರಿದ ನರ್ಸ್?' ಅನ್ನುವ ಜಾಹೀರಾತು. ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ. ಅದೊಂದು ಇದ್ದರೆ ಯಾರ ಮೇಲೆ ಏನು ಬೇಕಾದರೂ ಹೇಳಬಹುದು ಅಂತ ನಮಗೆ ಹೇಳಿಕೊಟ್ಟಿದ್ದರು. ಆ ವಾರದ ಟಿಆರ್‌ಪಿಗೆ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ನಾನೂ ತಿಂದೆ.

ಗುಬ್ಬಿಯಲ್ಲಿ ಅವರ ಹಿತ್ತಿಲಿಗೆ ಬರುವವರು ನಿಂತುಹೋದರು. ಅವರ ಕೈಯಲ್ಲೇ ಹುಟ್ಟಿ ಬೆಳೆದ ಹುಡುಗರು ಬೀದಿಯಲ್ಲಿ ಹಿಂದಿನಿಂದ ಜಾಹೀರಾತಿನ ಮಾತು ಕೂಗುತ್ತಿದ್ದರು. ಯಾರೋ ಅರ್ಜಿ ಹಾಕಿದರು, ಇಲಾಖೆಯಿಂದ ವಿಚಾರಣೆಗೆ ನೋಟಿಸ್ ಬಂತು. ತಾಯಿ ಯಾರು, ಒಪ್ಪಿಗೆ ಇತ್ತಾ ಇಲ್ಲವಾ, ಅದನ್ನು ಹೇಳಿಬಿಟ್ಟರೆ ಫೈಲ್ ಮುಚ್ಚುತ್ತೇವೆ ಅಂತ ಅಧಿಕಾರಿ ಕೇಳಿದರಂತೆ. "ಕಾಗದಪತ್ರ ಮಾಡಿಸದೆ ಮಗು ಕೊಟ್ಟದ್ದು ತಪ್ಪೇ, ಒಪ್ಕೋತೀನಿ, ಬರ್ಕೊಳಿ. ಹೆಸರು ಮಾತ್ರ ಕೇಳಬೇಡಿ" ಅಂದರಂತೆ ಸಿಸ್ಟರ್. ಫೈಲ್ ಮುಚ್ಚಲಿಲ್ಲ.

ನನ್ನ ಹೆಂಡತಿ ಕಾರ್ಯಕ್ರಮವನ್ನು ಪೂರ್ತಿ ನೋಡಿದಳು. ಟೀವಿ ಆರಿಸಿ, "ನನ್ ಹೆರಿಗೆ ಮಾಡ್ಸಿದೋರು ಕಣ್ರೀ ಅವ್ರು. ನಿಮ್ ಮಗಳನ್ನ ಮೊದ್ಲು ಮುಟ್ಟಿದ್ ಕೈ ಅದು" ಅಂದಳು. ಅಷ್ಟೇ. ಆಮೇಲೆ ಬಹಳ ದಿನ ಅಡುಗೆ, ಮಗಳ ಸ್ಕೂಲು ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡಲಿಲ್ಲ.

ಮೂರು ತಿಂಗಳು ತಲೆ ತಪ್ಪಿಸಿಕೊಂಡು ಓಡಾಡಿ, ಕೊನೆಗೆ ಒಂದು ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆರೆದು ಒಳಗೆ ಕರೆದರು. ಕಾಫಿ ಕೊಡಲಿಲ್ಲ. ಕ್ಷಮಾಪಣೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. "ಸಿಸ್ಟರ್, ನನ್ನಿಂದ..." ಅನ್ನುವಷ್ಟರಲ್ಲಿ ಅವರೇ ಕೇಳಿದರು.

"ಆ ಮಗು ಆವತ್ತು ಊಟ ಮಾಡ್ಕೊಂಡು ಹೋಯ್ತಾ?"

ನನಗೆ ಗೊತ್ತಿರಲಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ಹುಡುಗಿ ಏನಾದಳು ಅಂತ ನಾವು ಯಾರೂ ನೋಡಿರಲಿಲ್ಲ. ಅವಳ ಕೆಲಸ ಮುಗಿದಿತ್ತು.

"ಗೊತ್ತಿಲ್ಲ ಸಿಸ್ಟರ್."

"ಅವಳ ವಿಳಾಸ ಇದ್ಯಾ ನಿಮ್ ಹತ್ರ?"

"ಇದೆ."

"ಬರ್ಕೊಡಿ."

ಬರೆದುಕೊಟ್ಟೆ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ನೆಟ್ಟಗಿನ ಕೆಲಸ ಅದು, ಅದೂ ಅವರು ಕೇಳಿದ್ದಕ್ಕೆ. ಚೀಟಿ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನು ನೀವು ಬರ್ಬೇಡಿ ಸಾರ್" ಅಂದರು. ಆ 'ಸಾರ್' ಅನ್ನುವುದನ್ನು ಅವರು ಒತ್ತಿ ಹೇಳಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪರಿಚಯ ಇಲ್ಲದವರಿಗೆ ಹೇಳುವ ಹಾಗೆ ಹೇಳಿದರು.

ನಾನು ಆ ಕೆಲಸ ಬಿಟ್ಟೆ ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು. ಬಿಡಲಿಲ್ಲ. ಬಡ್ತಿ ಸಿಕ್ಕಿತು, ಪಕ್ಕದ ಎರಡು ಜಿಲ್ಲೆಯೂ ನನ್ನ ಕೈಗೆ ಬಂತು. ಇನ್ನೂ ಎಷ್ಟೋ ಜನರನ್ನು ಆ ಸೋಫಾದ ಮೇಲೆ ಕೂರಿಸಿದೆ. ಕೊನೆಗೆ ನಿರೂಪಕಿ ಹೆಚ್ಚು ಸಂಬಳಕ್ಕೆ ಬೇರೆ ಚಾನೆಲ್ಲಿಗೆ ಹೋದರು, ನಮ್ಮದನ್ನು ನಿಲ್ಲಿಸಿದರು, ನನ್ನನ್ನು ಮನೆಗೆ ಕಳಿಸಿದರು. ಈಗ ತುಮಕೂರಿನಲ್ಲಿ ಮತ್ತೆ ಮದುವೆ ವೀಡಿಯೋ. ಅಂಥ ಕಾರ್ಯಕ್ರಮ ಈಗ ಮಧ್ಯಾಹ್ನ ಯಾವ ಚಾನೆಲ್ ತಿರುಗಿಸಿದರೂ ಬರುತ್ತದೆ. ನಾವು ಅಂಜುತ್ತಾ ಮಾಡಿದ್ದನ್ನು ಇವರು ಅಂಜದೆ ಮಾಡುತ್ತಾರೆ.

ಸಿಸ್ಟರ್ ಹೋದ ಸುದ್ದಿಯನ್ನು ನಮ್ಮತ್ತೆ ಫೋನಿನಲ್ಲಿ ಹೇಳಿದರು. ಹೆಂಡತಿ ಹೊರಟಳು. ನನ್ನನ್ನು ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ಹೋದೆ. ಮನೆಯ ಮುಂದೆ ಹತ್ತೋ ಹನ್ನೆರಡೋ ಜನ. ಆ ಬೀದಿಯೊಂದರಲ್ಲೇ ಅವರ ಕೈಯಲ್ಲಿ ಹುಟ್ಟಿದವರು ಅದಕ್ಕಿಂತ ಹೆಚ್ಚಿದ್ದಾರೆ. ತಮ್ಮ ಅಂತ ಒಬ್ಬರು ಬಂದಿದ್ದರು, ಅವರೊಬ್ಬರೇ ಓಡಾಡುತ್ತಿದ್ದರು.

ಚಪ್ಪಲಿ ಬಿಟ್ಟು ಹಿತ್ತಿಲ ಕಡೆ ಹೋದೆ. ಅಲ್ಲಿ ಒಬ್ಬಳು ಸೆರಗು ಸಿಕ್ಕಿಸಿಕೊಂಡು, ಹೆಣಕ್ಕೆ ಸ್ನಾನ ಮಾಡಿಸಲು ಹಂಡೆಗೆ ನೀರು ತುಂಬುತ್ತಿದ್ದಳು. ತಲೆ ಎತ್ತಿದಾಗ ಗುರುತು ಸಿಕ್ಕಿತು, ಕಾಗದ ಬರೆದಿದ್ದ ಆ ಹುಡುಗಿ. ಸ್ವಲ್ಪ ದಪ್ಪಗಾಗಿದ್ದಳು. ಕತ್ತಿನಲ್ಲಿ ತಾಳಿ ಇತ್ತು. ಅವಳಿಗೂ ನನ್ನ ಗುರುತು ಸಿಕ್ಕಿತು.

"ಕ್ಯಾಮೆರಾ ಇದ್ಯಾ ಸಾರ್?"

"ಇಲ್ಲಮ್ಮ. ಆ ಕೆಲ್ಸ ಈಗಿಲ್ಲ."

ಅವಳು ಮತ್ತೆ ನೀರು ಹೊಯ್ಯತೊಡಗಿದಳು. ಕೇಳದೆಯೇ ಒಂದಷ್ಟು ಹೇಳಿದಳು. ಸಿಸ್ಟರ್ ತಾವೇ ಬಸ್ಸು ಹತ್ತಿ ಅವಳ ಕೋಣೆ ಹುಡುಕಿಕೊಂಡು ಬಂದಿದ್ದರಂತೆ. ಮೊದಲ ಸಲ ಇವಳು ಬೈದು ಬಾಗಿಲು ಹಾಕಿದಳಂತೆ. ಅವರು ಮೆಟ್ಟಿಲ ಮೇಲೆ ಕೂತು, ಇವಳು ಶಿಫ್ಟಿಗೆ ಹೊರಡುವವರೆಗೂ ಕಾದಿದ್ದು, ತಂದಿದ್ದ ಚಿತ್ರಾನ್ನ ಕೈಗೆ ಕೊಟ್ಟು ಹೋದರಂತೆ. ಮುಂದಿನ ಭಾನುವಾರ ಮತ್ತೆ ಬಂದರಂತೆ. ಆಮೇಲೆ ಇವಳೇ ಗುಬ್ಬಿಗೆ ಬರಲು ಶುರು ಮಾಡಿದಳು. ಮದುವೆ ಮಾತು ಬಂದಾಗ ಗಂಡಿನ ಮನೆಯವರ ಹತ್ತಿರ ಮಾತಾಡಿದ್ದು ಸಿಸ್ಟರೇ. ಕೊನೆಯ ಇಪ್ಪತ್ತು ದಿನ ಇವಳು ಇಲ್ಲೇ ಇದ್ದಳು.

"ಟೀವೀಲಿ ಅವ್ರಿಗೆ ನಾನು ಹಂಗೆಲ್ಲ ಅಂದೆ" ಅಂದಳು. "ಅದು ನಿಮ್ ಮೇಡಂ ಹೇಳ್ಕೊಟ್ಟಿದ್ ಮಾತು ಸಾರ್. ಆದ್ರೆ ಅಂದಿದ್ದು ನನ್ ಬಾಯೇ ಅಲ್ವಾ? ಅದು ಸುಳ್ಳು ಅಂತ ಊರಿಗೆಲ್ಲ ಹೇಳ್ಬರ್ತೀನಿ ಅಂತ ಹೊರಟ್ರೆ ಬಿಡ್ಲಿಲ್ಲ. ಹೇಳಕ್ಕೆ ಹೋದ್ರೆ ಇನ್ನೊಬ್ರ ವಿಷ್ಯ ಎಳೀತಾರೆ, ಸುಮ್ನಿರು ಅಂದ್ರು."

ನಾನು ಸುಮ್ಮನೆ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ದನಿ ತಗ್ಗಿಸಿ, ಆ ಕೋರ್ಟಿನ ಮರದ ಕೆಳಗೆ ಕೂತು ಕೇಳುತ್ತಿದ್ದೆನಲ್ಲ, ಅದೇ ಮರುಕದ ದನಿಯಲ್ಲಿ ಕೇಳಿದೆ.

"ನಿಮ್ ತಾಯಿ ಯಾರು ಅಂತ ಕೊನೆಗೂ ಹೇಳಿದ್ರಾ?"

ಅವಳು ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡಳು. ನನ್ನನ್ನು ನೇರ ನೋಡಿದಳು.

"ಹೇಳಿದ್ರು ಸಾರ್. ಹೋಗಿ ನೋಡ್ಕೊಂಡೂ ಬಂದೆ. ಯಾರು ಅಂತ ನಿಮ್ಗೆ ಹೇಳಲ್ಲ. ಸ್ವಲ್ಪ ಸರೀರಿ, ಅವ್ರಿಗೆ ಸ್ನಾನ ಮಾಡಿಸ್ಬೇಕು."

ನಾನು ದಾರಿ ಬಿಟ್ಟೆ.